ಮೂಗಿಗೆ ಪೆಟ್ರೋಲ್ ವಾಸನೆ, ಮೀಟರಿನಲ್ಲಿ ಲೀನ್: ಯಾವುದನ್ನು ನಂಬಬೇಕು?

ಪ್ರಶ್ನೆ: ನನ್ನದು 1998ರ ಬುಲೆಟ್ 350. ಕಾಸ್ಟ್ ಐರನ್ ಎಂಜಿನ್, ಪಾಯಿಂಟ್ ಇಗ್ನಿಷನ್, 12 ವೋಲ್ಟ್ ಬ್ಯಾಟರಿ, ಕಂಪನಿಯ ಕಾರ್ಬುರೇಟರೇ ಇದೆ. ಕಳೆದ ವರ್ಷ ಶಾರ್ಟ್ ಬಾಟಲ್ ಸೈಲೆನ್ಸರ್ ಹಾಕಿಸಿದ ಮೇಲೆ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಪಟಪಟ ಸಿಡಿಯುತ್ತದೆ. ಗುಜರಿಯಲ್ಲಿ ಒಂದು ಮಾರುತಿ ಕಾರಿನ ನಾಲ್ಕು ವೈರಿನ ಆಕ್ಸಿಜನ್ ಸೆನ್ಸರ್ ಸಿಕ್ಕಿತು. ಬೆಂಡ್ ಪೈಪು ಸೈಲೆನ್ಸರಿಗೆ ಸೇರುವ ಜಾಗದ ಹತ್ತಿರ ನಟ್ ವೆಲ್ಡ್ ಮಾಡಿಸಿ ಕೂರಿಸಿದ್ದೇನೆ, ಮಲ್ಟಿಮೀಟರ್ ಜೋಡಿಸಿದ್ದೇನೆ. ಐಡ್ಲಿಂಗ್‌ನಲ್ಲಿ 0.1 ವೋಲ್ಟ್ ತೋರಿಸುತ್ತದೆ, ಅಂದರೆ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ). ಆದರೆ ಹಿಂದೆ ನಿಂತರೆ ಪೆಟ್ರೋಲ್ ವಾಸನೆಗೆ ಕಣ್ಣು ಉರಿಯುತ್ತದೆ. ಏರ್ ಸ್ಕ್ರೂ ಬಿಗಿ ಮಾಡಿದಷ್ಟೂ ವಾಸನೆ ಹೆಚ್ಚುತ್ತದೆ, ಮೀಟರ್ ಮಾತ್ರ ಕದಲುವುದಿಲ್ಲ. 50 ಕಿ.ಮೀ. ವೇಗದಲ್ಲಿ 0.8 ತೋರಿಸುತ್ತದೆ. ಗೆಳೆಯರು ಗಾಳಿ, ಪೆಟ್ರೋಲಿನ ಪ್ರಮಾಣವನ್ನು 14.7ಕ್ಕೆ ತಂದು ನಿಲ್ಲಿಸು ಅನ್ನುತ್ತಾರೆ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೋಡಿ ಎಲ್ಲ ಸರಿಯಿದೆ ಅನ್ನುತ್ತಾರೆ. 20% ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೆ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹರಿಯುವ ತೂತಿನ ತುಂಡು) ದೊಡ್ಡದು ಹಾಕಲೇಬೇಕು ಅಂತ ಇನ್ನೊಬ್ಬರು. ನಾನಿರುವುದು ಪುತ್ತೂರಿನಲ್ಲಿ, ಆಗಾಗ ಸಕಲೇಶಪುರಕ್ಕೆ ಘಾಟಿ ಹತ್ತುತ್ತೇನೆ. ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ದೊಡ್ಡದು ತರಿಸಿಟ್ಟಿದ್ದೇನೆ. ಹಾಕಲೇ? ಅಥವಾ ದುಡ್ಡು ಖರ್ಚು ಮಾಡಿ, ಮಿಶ್ರಣದ ನಿಖರ ಅಂಕಿ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ತರಿಸಲೇ?

ಉತ್ತರ: ಜೆಟ್ ಸದ್ಯಕ್ಕೆ ಡಬ್ಬದಲ್ಲೇ ಇರಲಿ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಐಡ್ಲಿಂಗ್ ಲೀನ್ ಅಲ್ಲ, ಬಹುತೇಕ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಹಾಗಂತ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದೂ ಅಲ್ಲ. ನಿಮ್ಮ ಮೂಗು ಉರಿಯದ ಪೆಟ್ರೋಲನ್ನು ಹಿಡಿದಿದೆ, ಸೆನ್ಸರ್ ಉರಿಯಲು ಬಳಕೆಯಾಗದ ಆಮ್ಲಜನಕವನ್ನು ಹಿಡಿದಿದೆ. ಎರಡೂ ಒಂದೇ ಪೈಪಿನಲ್ಲಿ ಒಟ್ಟಿಗೆ ಇರಬಲ್ಲವು. ಅದು ಹೇಗೆ ಎಂಬುದು ಗೊತ್ತಾದರೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ಈ ಸೆನ್ಸರಿಗೆ ಪೆಟ್ರೋಲ್ ಅಳೆಯಲು ಬರುವುದಿಲ್ಲ. ಅದರ ಒಳಗಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯ ಸಣ್ಣ ಬೆರಳು, ಎರಡೂ ಕಡೆ ಪ್ಲಾಟಿನಂ ಲೇಪ. ಒಂದು ಕಡೆ ಹೊರಗಿನ ಗಾಳಿ, ಇನ್ನೊಂದು ಕಡೆ ಎಂಜಿನ್ ಹೊಗೆ. 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದ ಮೇಲೆ ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ 0.1ರ ಆಸುಪಾಸು, ಉಳಿಯದಿದ್ದರೆ 0.8 ಅಥವಾ 0.9. ನಡುವಿನ 0.45 ವೋಲ್ಟ್ ಎಂದರೆ ಗಾಳಿ, ಪೆಟ್ರೋಲ್ ಎರಡೂ ಲೆಕ್ಕಕ್ಕೆ ಸರಿಯಾಗಿ ಮುಗಿದಿವೆ ಎಂದರ್ಥ. 1976ರಲ್ಲಿ ಬಾಷ್ ಕಂಪನಿಯ ಸೆನ್ಸರನ್ನು ವೋಲ್ವೊ ತನ್ನ ಕಾರುಗಳಿಗೆ ಹಾಕಿದಾಗಿನಿಂದ ಇದರ ಮೂಲ ಕೆಲಸ ಇಷ್ಟೇ: ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಬೇಕಾದ ಆ ಒಂದು ಬಿಂದುವಿನ ಎಡಬಲದಲ್ಲಿ ಎಂಜಿನ್ ನಿಲ್ಲುವಂತೆ ಕಂಪ್ಯೂಟರಿಗೆ ತಿಳಿಸುವುದು. ನಿಮ್ಮ ಬುಲೆಟ್‌ನಲ್ಲಿ ಕಂಪ್ಯೂಟರೂ ಇಲ್ಲ, ಕನ್ವರ್ಟರೂ ಇಲ್ಲ. ಇಲ್ಲಿ ಅದು ಬರೀ ಒಂದು ಮೀಟರ್.

ಹಾಗಾಗಿ 0.1 ಕಂಡ ಕೂಡಲೇ ಪೆಟ್ರೋಲ್ ಕಡಿಮೆಯಾಯಿತು ಎನ್ನುವ ಬದಲು, ಈ ಆಮ್ಲಜನಕ ಎಲ್ಲಿಂದ ಬಂತು ಎಂದು ಕೇಳಬೇಕು. ನಿಮ್ಮ ಗಾಡಿಯಲ್ಲಿ ಅದಕ್ಕೆ ಮೂರು ದಾರಿ ಇವೆ.

ಮೊದಲನೆಯದು ಮಿಸ್ಸಿಂಗ್. ಒಂದು ಸಲ ಕಿಡಿ ಹತ್ತಲಿಲ್ಲ ಎಂದರೆ ಸಿಲಿಂಡರಿಗೆ ಹೋದ ಗಾಳಿ, ಪೆಟ್ರೋಲ್ ಎರಡೂ ಹಾಗೇ ಹೊರಗೆ ಬರುತ್ತವೆ. ಹಸಿ ಪೆಟ್ರೋಲಿನ ಆವಿ ಸೆನ್ಸರಿನ ಪ್ಲಾಟಿನಂ ಮೇಲೆ ಪೂರ್ತಿ ಉರಿಯುವುದಿಲ್ಲ. ಆಮ್ಲಜನಕ ಮಾತ್ರ ಅದರ ಕಣ್ಣಿಗೆ ಬಿದ್ದು ಲೀನ್ ಎಂದು ತೋರಿಸುತ್ತದೆ. ಅತಿ ರಿಚ್ ಆಗಿ ಮಿಸ್ ಆದರೂ ಹೀಗೇ. ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಕೊಟ್ಟರೆ ಮಿಸ್ಸಿಂಗ್ ಇನ್ನೂ ಹೆಚ್ಚುತ್ತದೆ. ಸ್ಕ್ರೂ ಬಿಗಿ ಮಾಡಿದಾಗ ವಾಸನೆ ಹೆಚ್ಚಿ ಮೀಟರ್ ಕದಲದಿದ್ದದ್ದು ನನಗೆ ಹೇಳುವ ಕಥೆ ಇದು. ಬುಲೆಟ್ ಸವಾರರಿಗೆ ಬೇಜಾರಾಗುವ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಡುಗ್, ಡುಗ್ ಎಂದು ಒಂದೊಂದೇ ಏಟು ಎಣಿಸುವ ಹಾಗೆ ಐಡ್ಲಿಂಗ್ ಇಳಿಸಿ ಇಡುತ್ತೇವಲ್ಲ, ಆ ಸುಖದಲ್ಲಿ ಎಷ್ಟೋ ಏಟು ಸರಿಯಾಗಿ ಉರಿಯುವುದೇ ಇಲ್ಲ. ಅಳೆಯುವಷ್ಟು ಹೊತ್ತಾದರೂ ಐಡ್ಲಿಂಗನ್ನು 1000, 1100 ಆರ್‌ಪಿಎಂಗೆ ಏರಿಸಿ. ಪಾಯಿಂಟ್ ಗ್ಯಾಪ್, ಕಂಡೆನ್ಸರ್, ಟೈಮಿಂಗ್, ಟ್ಯಾಪೆಟ್ ನೋಡಿಸದೆ ಕಾರ್ಬುರೇಟರ್ ಮುಟ್ಟಬೇಡಿ.

ಎರಡನೆಯದು ಲೀಕ್. ಹೆಡ್‌ಗೆ ಬೆಂಡ್ ಪೈಪು ಸೇರುವಲ್ಲಿ ಹಿಡಿತ ಸಡಿಲವಾಗುವುದು ಈ ಎಂಜಿನ್ನಿನ ಹಳೇ ಕಾಯಿಲೆ. ಹೊಗೆ ಹೊರಗೆ ಬಂದರೆ ಸದ್ದಾಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಒಂದೇ ಸಿಲಿಂಡರಿನ ಎಂಜಿನ್‌ನಲ್ಲಿ ಒಂದೊಂದು ಏಟಿನ ನಡುವೆ ಪೈಪಿನೊಳಗೆ ಒತ್ತಡ ಇಳಿದು, ಅದೇ ಸಂದಿಯಿಂದ ಗಾಳಿ ಒಳಕ್ಕೂ ಎಳೆದುಕೊಳ್ಳುತ್ತದೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಒಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರಿನ ಬಾಯನ್ನು ಕ್ಷಣಹೊತ್ತು ಅರ್ಧ ಮುಚ್ಚಲಿ. ಇನ್ನೊಬ್ಬರು ಸೋಪು ನೀರನ್ನು ಹೆಡ್ ಬಳಿ, ಸೈಲೆನ್ಸರ್ ಜಾಯಿಂಟಿನ ಬಳಿ, ನೀವು ವೆಲ್ಡ್ ಮಾಡಿಸಿದ ನಟ್ ಸುತ್ತ ಚಿಮುಕಿಸಿ. ಗುಳ್ಳೆ ಎದ್ದ ಕಡೆ ಲೀಕ್. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯುವುದಕ್ಕೂ ಇದೇ ಕಾರಣ ಇರಬಹುದು: ಉರಿಯದ ಪೆಟ್ರೋಲಿಗೆ ಸೈಲೆನ್ಸರಿನೊಳಗೆ ಹೊಸ ಗಾಳಿ ಸಿಕ್ಕರೆ ಅಲ್ಲೇ ಹೊತ್ತಿಕೊಳ್ಳುತ್ತದೆ. ಸಿಡಿದರೆ ಲೀನ್ ಎಂಬುದು ಅರ್ಧ ಸತ್ಯ.

ಮೂರನೆಯದು ಹಿಂಬದಿಯ ಬಾಯಿಯಿಂದಲೇ ಬರುವ ಗಾಳಿ. ಗಿಡ್ಡ, ಒಳಗೆ ತಡೆಯಿಲ್ಲದ ಸೈಲೆನ್ಸರ್‌ನಲ್ಲಿ ಐಡ್ಲಿಂಗ್ ಇದ್ದಾಗ ಹೊರಗಿನ ಗಾಳಿ ಸೆನ್ಸರಿನವರೆಗೂ ಹಿಂದಕ್ಕೆ ನುಗ್ಗುತ್ತದೆ. ಸೆನ್ಸರನ್ನು ಸೈಲೆನ್ಸರ್ ಹತ್ತಿರ ಕೂರಿಸಿರುವುದರಿಂದ ನಿಮಗೆ ಇದು ಜಾಸ್ತಿಯೇ ಕಾಡುತ್ತದೆ. ಪರೀಕ್ಷೆ ಸುಲಭ: ಸೈಲೆನ್ಸರಿನ ಬಾಯಿಗೆ ಹೊಂದುವ ಅರ್ಧ ಮೀಟರ್ ಉದ್ದದ ಕಬ್ಬಿಣದ ಪೈಪನ್ನು ಕ್ಲಿಪ್ ಹಾಕಿ ಸೇರಿಸಿ. ಓದುವಿಕೆ 0.1ರಿಂದ ಮೇಲೇರಿದರೆ ಕಳ್ಳ ಸಿಕ್ಕಂತೆ. ವೇಗ ಹೆಚ್ಚಾದಾಗ ಹೊಗೆಯ ಹರಿವು ಹೆಚ್ಚಿ ಈ ತೊಂದರೆ ಕಡಿಮೆಯಾಗುತ್ತದೆ. ನಿಮಗೆ 50ರಲ್ಲಿ 0.8 ಬರುತ್ತಿರುವುದೂ ಇದಕ್ಕೆ ಹೊಂದುತ್ತದೆ. ಸೆನ್ಸರ್ ಸತ್ತಿಲ್ಲ ಎಂಬುದಕ್ಕೂ ಅದು ಸಾಕ್ಷಿ.

ಐಡ್ಲಿಂಗ್ ವಿಷಯದಲ್ಲಿ ನನಗೆ ಸೆನ್ಸರಿಗಿಂತ ಎಮಿಷನ್ ಟೆಸ್ಟ್ ಅಂಗಡಿಯ ಮೆಷಿನ್ ಮೇಲೆ ನಂಬಿಕೆ ಹೆಚ್ಚು. ಹೇಗೂ ಸರ್ಟಿಫಿಕೇಟಿಗೆ ಹೋಗುತ್ತೀರಿ. ಎಂಜಿನ್ ಚೆನ್ನಾಗಿ ಕಾದಿರುವಾಗ ಹೋಗಿ, ಚೀಟಿಯಲ್ಲಿ ಬರುವ ಎರಡು ಅಂಕಿ ನೋಡಿ. ಸಿಒ ಎಂದರೆ ಕಾರ್ಬನ್ ಮೊನಾಕ್ಸೈಡ್, ಶೇಕಡಾ ಲೆಕ್ಕದಲ್ಲಿ. ಎಚ್‌ಸಿ ಎಂದರೆ ಉರಿಯದ ಪೆಟ್ರೋಲ್, ಪಿಪಿಎಂ ಲೆಕ್ಕದಲ್ಲಿ. ಸಿಒ ಹುಟ್ಟುವುದು ಉರಿಯುವಾಗ ಗಾಳಿ ಸಾಲದೆ ಹೋದಾಗ, ಅದರಿಂದ ಮಿಸ್ಸಿಂಗ್ ಇದ್ದರೂ ಅದು ಅಷ್ಟಾಗಿ ದಾರಿ ತಪ್ಪಿಸುವುದಿಲ್ಲ. ಸಿಒ 5, 6 ಇದ್ದು ಎಚ್‌ಸಿಯೂ ಜಾಸ್ತಿ ಇದ್ದರೆ ರಿಚ್ ಆಗಿ ಮಿಸ್ ಆಗುತ್ತಿದೆ. ಸಿಒ 0.5%ಕ್ಕಿಂತ ಕಡಿಮೆ ಇದ್ದು ಎಚ್‌ಸಿ ಸಾವಿರಗಟ್ಟಲೆ ಇದ್ದರೆ ನಿಜವಾಗಿ ಲೀನ್, ಇಲ್ಲವೇ ಕಿಡಿಯ ದೋಷ. 2000ನೇ ಇಸವಿಗೆ ಮುಂಚಿನ ದ್ವಿಚಕ್ರಗಳಿಗೆ ಕಾನೂನಿನ ಮಿತಿ ಸಿಒ 4.5%. ಈ ಎಂಜಿನ್ನಿಗೆ 2ರಿಂದ 3% ಆರಾಮವಾಗಿ ಒಗ್ಗುತ್ತದೆ. ಅಂಗಡಿಯವರನ್ನು ಕೇಳಿಕೊಂಡರೆ ಅಲ್ಲೇ ನಿಂತು ಸ್ಕ್ರೂ ತಿರುಗಿಸಲು ಎರಡು ನಿಮಿಷ ಬಿಡುತ್ತಾರೆ. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಬಿಗಿ ಮಾಡಿದಾಗ ರಿಚ್, ಸಡಿಲಿಸಿದಾಗ ಲೀನ್. ಎಂಜಿನ್ ಕಡೆಗಿದ್ದರೆ ಇದು ಉಲ್ಟಾ. ಬೇರೆ ಕಾರ್ಬುರೇಟರ್ ಹಾಕಿಸಿಕೊಂಡವರು ಎಡವುವುದು ಇಲ್ಲೇ.

ಇನ್ನು ಗುಜರಿ ಸೆನ್ಸರ್. ಸಾಮಾನ್ಯವಾಗಿ ಎರಡು ಬಿಳಿ ವೈರ್ ಹೀಟರಿಗೆ, ಕಪ್ಪು ಸಿಗ್ನಲ್, ಬೂದು ಅದರ ಅರ್ಥ್. ಆದರೆ ನಾಲ್ಕು ವೈರ್ ಇದ್ದದ್ದೆಲ್ಲ ನಿಮಗೆ ಬೇಕಾದ ನ್ಯಾರೋಬ್ಯಾಂಡೇ (ಮೇಲೆ ವಿವರಿಸಿದ, ಲೀನ್ ಅಥವಾ ರಿಚ್ ಎಂದಷ್ಟೇ ತೋರಿಸುವ ಜಾತಿ) ಆಗಬೇಕೆಂದಿಲ್ಲ, ಕೆಲವು ಕಾರುಗಳಲ್ಲಿ ನಾಲ್ಕು ವೈರಿನ ಬೇರೆ ಜಾತಿಯವೂ ಇವೆ. ಬಿಚ್ಚಿ, ವೈಸ್‌ನಲ್ಲಿ ಹಿಡಿದು, ಬಿಳಿ ವೈರುಗಳ ನಡುವೆ ಓಮ್ ನೋಡಿ. 3ರಿಂದ 15ರೊಳಗೆ ಬಂದರೆ ಹೀಟರ್ ಬದುಕಿದೆ. ಸಿಗ್ನಲ್ ವೈರಿಗೆ ಓಮ್ ಮೀಟರ್ ಹಚ್ಚಬೇಡಿ, ಅದನ್ನು ವೋಲ್ಟೇಜಿನಲ್ಲಿ ಮಾತ್ರ ಅಳೆಯಿರಿ. ಗ್ಯಾಸ್ ಟಾರ್ಚಿನ ನೀಲಿ ಜ್ವಾಲೆಯಲ್ಲಿ ತುದಿಯನ್ನು ಕಾಯಿಸಿದಾಗ 0.8ರ ಮೇಲೆ ಹೋಗಬೇಕು, ಜ್ವಾಲೆ ತೆಗೆದ ಕೂಡಲೇ ಸರ್ರನೆ ಕೆಳಗಿಳಿಯಬೇಕು. ತಡವರಿಸುತ್ತಾ ಇಳಿದರೆ ಮುಪ್ಪಾಗಿದೆ ಎಂದು ಅರ್ಥ. ಹಿಂದೆ ಸೀಸದ ಪೆಟ್ರೋಲ್ ಇದನ್ನು ಕೊಲ್ಲುತ್ತಿತ್ತು. 2000ದ ಫೆಬ್ರವರಿಯಿಂದ ನಮ್ಮಲ್ಲಿ ಸೀಸರಹಿತ ಪೆಟ್ರೋಲೇ ಬರುವುದರಿಂದ ಆ ಭಯ ಇಲ್ಲ. ಈಗಿನ ಶತ್ರು ಸಿಲಿಕೋನ್ ಗಮ್. ಜಾಯಿಂಟ್ ಲೀಕ್ ನಿಲ್ಲಿಸಲು ಸಿಕ್ಕಿದ ಗಮ್ ಬಳಿದರೆ ಅದರ ಆವಿ ಸೆನ್ಸರಿನ ತುದಿಗೆ ಬಿಳಿ ಪದರವಾಗಿ ಕೂರುತ್ತದೆ. ಎಂಜಿನ್ ಆಯಿಲ್ ಸುಡುತ್ತಿದ್ದರೂ ಹೆಚ್ಚು ದಿನ ಬಾಳುವುದಿಲ್ಲ.

14.7ರ ವಿಷಯಕ್ಕೆ ಬರೋಣ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿ 14.7 ಗ್ರಾಂ. ಅದು ರಸಾಯನಶಾಸ್ತ್ರದ ಲೆಕ್ಕ, ಎಂಜಿನ್ನಿಗೆ ಯಾವಾಗಲೂ ಹಿತವಾದ ಹಂತ ಅಲ್ಲ. ಕಾರುಗಳು ಅಲ್ಲಿಗೆ ಅಂಟಿಕೊಳ್ಳುವುದು ಕನ್ವರ್ಟರಿಗಾಗಿ. ಶಕ್ತಿ ಅತಿ ಹೆಚ್ಚು ಸಿಗುವುದು 12.5ರಿಂದ 13ರ ನಡುವೆ. ಮೈಲೇಜ್ ಅತಿ ಹೆಚ್ಚು ಸಿಗುವುದು 15.5ರ ಆಚೀಚೆ, ಆದರೆ ಗಾಳಿಯಿಂದ ತಣಿಯುವ ಹಳೇ ಕಾರ್ಬುರೇಟರ್ ಎಂಜಿನ್ ಅಷ್ಟು ತೆಳುವಾದ ಮಿಶ್ರಣದಲ್ಲಿ ಕೊಸರಾಡುತ್ತದೆ. ನಿಮ್ಮ ಗಾಡಿಗೆ ನಾನು ಹಿಡಿಯುವ ಗುರಿ: ಐಡ್ಲಿಂಗ್‌ನಲ್ಲಿ 13ರಿಂದ 13.8, ಸಮತಟ್ಟು ರಸ್ತೆಯ ಓಟದಲ್ಲಿ 14ರಿಂದ 14.5, ಪೂರ್ತಿ ಆಕ್ಸಿಲರೇಟರ್‌ನಲ್ಲಿ 12.5ರಿಂದ 13. ಘಾಟಿಯಲ್ಲಿ ಇಬ್ಬರನ್ನು ಹೊತ್ತು ಪೂರ್ತಿ ತಿರುಗಿಸಿದಾಗ 14.7 ಬಂದರೆ ಅದು ಅಪಾಯದ ಸೂಚನೆ. ಎಂಜಿನ್ ಬಡಿಯಲು ಶುರುವಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುವ ಸಾಧ್ಯತೆಯೂ ಇದೆ. ಬೆಂಡ್ ಪೈಪು ನೀಲಿಯಾಯಿತು ಎಂದರೆ ಲೀನ್ ಎಂದು ತೀರ್ಮಾನಿಸುವವರೂ ಇದ್ದಾರೆ. ಟೈಮಿಂಗ್ ತಡವಾಗಿದ್ದರೂ ಪೈಪು ನೀಲಿಯಾಗುತ್ತದೆ.

ಹಾಗಾದರೆ ನಿಮ್ಮ 0.8 ವೋಲ್ಟ್ 14 ಆಗಿದೆಯೋ 12.5 ಆಗಿದೆಯೋ? ನ್ಯಾರೋಬ್ಯಾಂಡಿನಿಂದ ಹೇಳಲು ಬರುವುದಿಲ್ಲ. ಅದು ಗಡಿಕಲ್ಲಿನ ಹಾಗೆ: ನೀವು ಈಚೆ ಇದ್ದೀರೋ ಆಚೆ ಇದ್ದೀರೋ ಎಂಬುದು ಖಚಿತ, ಎಷ್ಟು ದೂರ ಹೋಗಿದ್ದೀರಿ ಎಂಬುದು ಗೊತ್ತಾಗದು. 0.8, 0.85, 0.9ರ ನಡುವಿನ ಅಂತರ ಮಿಶ್ರಣಕ್ಕಿಂತ ಹೆಚ್ಚಾಗಿ ಸೆನ್ಸರಿನ ಬಿಸಿಯನ್ನು ಅವಲಂಬಿಸುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ, ವೋಲ್ಟೇಜಿನ ಎದುರು ಏರ್ ಫ್ಯೂಯಲ್ ಅಂಕಿ ಬರೆದ ಪಟ್ಟಿಗಳನ್ನು ಅದಕ್ಕೇ ನಾನು ನೋಡುವುದಿಲ್ಲ.

ಆದರೂ ನಿಮ್ಮ ಸೆನ್ಸರಿನಿಂದ ಒಂದು ಒಳ್ಳೆಯ ಕೆಲಸ ಆಗುತ್ತದೆ. ಆಕ್ಸಿಲರೇಟರ್ ಹಿಡಿಯ ಮೇಲೆ ಒಂದು ಗೆರೆ, ಅದರ ಪಕ್ಕದ ಸ್ವಿಚ್ ಡಬ್ಬಿಗೆ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕಿ. ಕಾರ್ಬುರೇಟರಿಗೆ ಗೊತ್ತಿರುವುದು ವೇಗ ಅಲ್ಲ, ಹಿಡಿ ಎಷ್ಟು ತಿರುಗಿದೆ ಎಂಬುದು. ಮೊದಲ ಎಂಟನೇ ಒಂದು ಭಾಗ ಪೈಲಟ್ ಜೆಟ್ ಮತ್ತು ಸ್ಕ್ರೂ, ಕಾಲರವರೆಗೆ ಸ್ಲೈಡಿನ (ಹಿಡಿ ತಿರುಗಿಸಿದಾಗ ಮೇಲೇಳುವ ತುಂಡು) ಕೆಳಗಿನ ಓರೆ ಕಟ್, ಕಾಲರಿಂದ ಮುಕ್ಕಾಲರವರೆಗೆ ಆ ಸ್ಲೈಡಿಗೆ ಸಿಕ್ಕಿಸಿದ ಸೂಜಿ, ಅಂದರೆ ನೀಡಲ್, ಅದರ ಮೇಲೆ ಮೇನ್ ಜೆಟ್. ಖಾಲಿ ರಸ್ತೆಯಲ್ಲಿ ಹಿಡಿಯನ್ನು ಕಾಲರ ಗುರುತಿನಿಂದ ಸ್ವಲ್ಪ ಮೇಲೆ ಅಲುಗಿಸದೆ ಹಿಡಿದು ಓಡಿಸಿ. ಮೀಟರ್ 0.8ರಲ್ಲೇ ನಿಂತಿದ್ದರೆ ನೀಡಲ್ಲಿನ ಕ್ಲಿಪ್ಪನ್ನು ಒಂದು ಕಚ್ಚು ಮೇಲಕ್ಕೆ ಹಾಕಿ. ಆಗ ನೀಡಲ್ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಯಾವ ಕಚ್ಚಿನಲ್ಲಿ ಓದುವಿಕೆ 0.2ಕ್ಕೂ 0.7ಕ್ಕೂ ಹೊಯ್ದಾಡುತ್ತದೋ ಅದೇ ಗಡಿ. ಅಲ್ಲಿಂದ ಒಂದು ಕಚ್ಚು ರಿಚ್ ಕಡೆಗೆ ವಾಪಸ್ ಬಂದು ನಿಲ್ಲಿಸಿ. ಕ್ಲಿಪ್ ತುತ್ತತುದಿಗೆ ಹೋದರೂ 0.8 ಇಳಿಯಲೇ ಇಲ್ಲ ಎಂದರೆ ನೀಡಲ್ ಜೆಟ್ ಸವೆದಿದೆ. ಇಷ್ಟು ವರ್ಷ ನೀಡಲ್ ಉಜ್ಜಿ ಉಜ್ಜಿ ಅದರ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕಾಣುತ್ತದೆ. ನೀಡಲ್ ಮತ್ತು ಅದರ ಜೆಟ್ ಜೊತೆಯಾಗಿ ಬದಲಿಸದೆ ಯಾವ ಸೆನ್ಸರ್ ತಂದರೂ ಉಪಯೋಗವಿಲ್ಲ. ನನ್ನ ಅನುಭವದಲ್ಲಿ ಈ ವಯಸ್ಸಿನ ಗಾಡಿಗಳ ಟ್ಯೂನಿಂಗ್ ದೂರುಗಳು ಬಹಳಷ್ಟು ಸಲ ಮುಗಿಯುವುದು ಇಲ್ಲಿಗೇ.

ಪೂರ್ತಿ ಆಕ್ಸಿಲರೇಟರಿಗೆ ಮಾತ್ರ ಈ ಸೆನ್ಸರನ್ನು ನೆಚ್ಚಬೇಡಿ. ಏರಿನಲ್ಲಿ ಪೂರ್ತಿ ತಿರುಗಿಸಿದಾಗ 0.8ಕ್ಕಿಂತ ಕೆಳಗೆ ಬಿದ್ದರೆ ತಕ್ಷಣ ಹಿಡಿ ಬಿಡಿ, ಮೇನ್ ಜೆಟ್ ಸಾಲದು. 0.85 ಬಂತು ಎಂದು ಮಾತ್ರ ಎಲ್ಲ ಸರಿಯಿದೆ ಎಂದುಕೊಳ್ಳುವ ಹಾಗಿಲ್ಲ.

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಪ್ಲಗ್ ನೋಡಿದರೆ ಆಯಿಲ್ ಸುಡುತ್ತಿದೆಯೋ, ಪ್ಲಗ್ಗಿನ ಹೀಟ್ ರೇಂಜ್ ಹೊಂದಿದೆಯೋ ಗೊತ್ತಾಗುತ್ತದೆ, ಅದನ್ನು ಸೆನ್ಸರ್ ಹೇಳಲಾರದು. ಆದರೆ ಪ್ಲಗ್ಗಿನ ಬಣ್ಣ ಎಲ್ಲ ಹಂತಗಳ ಬೆರಕೆ ಲೆಕ್ಕ. ಗ್ಯಾರೇಜಿನ ಮುಂದೆ ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಅಷ್ಟು ದೂರ ಓಡಿದ ಗುರುತೆಲ್ಲ ಮಸಿಯ ಅಡಿ ಹೋಗುತ್ತದೆ. ಈಗಿನ ಪೆಟ್ರೋಲ್ ಬಣ್ಣ ಬಿಡುವುದೂ ಕಡಿಮೆ.

ಇ20ರ ಬಗ್ಗೆ ಭಯವೂ ಜಾಸ್ತಿ, ಉಡಾಫೆಯೂ ಜಾಸ್ತಿ. ಎಥನಾಲಿಗೆ ಬೇಕಾದ ಗಾಳಿ 9 ಪಾಲು ಮಾತ್ರ. 20% ಬೆರೆತಾಗ ಪೂರ್ತಿ ಉರಿಯುವ ಲೆಕ್ಕ 14.7ರಿಂದ 13.5ರ ಸಮೀಪಕ್ಕೆ ಇಳಿಯುತ್ತದೆ. ಜೆಟ್ ಅದೇ ಇದ್ದರೆ ಶುದ್ಧ ಪೆಟ್ರೋಲಿಗೆ ಹೋಲಿಸಿದಾಗ ಗಾಡಿ 7, 8% ಲೀನ್ ಆದಂತೆ. ಕೆಲವು ವರ್ಷ 10% ಬೆರಕೆ ಓಡಿಸಿದ್ದೀರಲ್ಲ, ಅದಕ್ಕೆ ಹೋಲಿಸಿದರೆ ವ್ಯತ್ಯಾಸ ಇದರ ಅರ್ಧ. ಮೇಲೆ ನಾನು ಕೊಟ್ಟ ಗುರಿಗಳನ್ನು ಇ20ಗೆ ಬದಲಿಸಬೇಕೆ? ಬೇಕಿಲ್ಲ. ಸೆನ್ಸರ್ ನೋಡುವುದು ಉಳಿದ ಆಮ್ಲಜನಕವನ್ನು. ವೈಡ್‌ಬ್ಯಾಂಡ್ ಗೇಜುಗಳು ಅದನ್ನು ಪೆಟ್ರೋಲಿನ ಲೆಕ್ಕಕ್ಕೆ ತಿರುಗಿಸಿ 14.7 ಎಂದು ಬರೆಯುತ್ತವೆ ಅಷ್ಟೆ, ಒಳಗೆ ಯಾವ ಪೆಟ್ರೋಲ್ ಇದ್ದರೂ ಗಡಿ ಅಲ್ಲೇ ಕಾಣುತ್ತದೆ. ಲ್ಯಾಂಬ್ಡಾ ಅಂಕಿಯಲ್ಲಿ (ಇರುವ ಗಾಳಿಯನ್ನು ಪೂರ್ತಿ ಉರಿಯಲು ಬೇಕಾದ ಗಾಳಿಯಿಂದ ಭಾಗಿಸಿದ್ದು) ನೋಡುವ ಅಭ್ಯಾಸ ಮಾಡಿಕೊಂಡರೆ ಗೊಂದಲವೇ ಇಲ್ಲ: ಗಡಿ 1, ಐಡ್ಲಿಂಗ್ 0.9ರ ಸುತ್ತ, ಪೂರ್ತಿ ಹಿಡಿಗೆ 0.86ರಿಂದ 0.88.

ನಿಮ್ಮ ಘಾಟಿ ಇದಕ್ಕೆ ಎದುರು ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ, ಕಾರ್ಬುರೇಟರಿಗೆ ಅದು ತಿಳಿಯುವುದಿಲ್ಲ, 900 ಮೀಟರ್ ಏರಿದರೆ 4, 5% ರಿಚ್ ಆಗುತ್ತದೆ. ಅಂದರೆ ಪುತ್ತೂರಿನಲ್ಲಿ ಇ20ಯಿಂದ ಸ್ವಲ್ಪ ಲೀನ್ ಆದ ಗಾಡಿ ಸಕಲೇಶಪುರದಲ್ಲಿ ಹೆಚ್ಚುಕಮ್ಮಿ ಸರಿಹೋಗುತ್ತದೆ. ಕೆಳಗೆ ಟ್ಯೂನ್ ಮಾಡಿ, ಮೇಲೆ ಸ್ವಲ್ಪ ರಿಚ್ ಆಗಲು ಬಿಡಿ. ಮೇಲೆ ಟ್ಯೂನ್ ಮಾಡಿ ಸೆಕೆಯ ಕರಾವಳಿಗೆ ಇಳಿದು ಪೂರ್ತಿ ತಿರುಗಿಸುವುದು ಬೇಡ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಬೇಕಾಗಬಹುದು, ಸೈಲೆನ್ಸರ್ ಬೇರೆ ಬದಲಾಗಿದೆ. ಆದರೆ ಅದನ್ನು ಅಳೆದು ನಿರ್ಧರಿಸಬೇಕು. ನೀವು ತರಿಸಿದ್ದು ಪೈಲಟ್ ಜೆಟ್, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇ20ಯಲ್ಲಿ ಜೆಟ್‌ಗಿಂತ ಮೊದಲು ರಬ್ಬರ್ ಪೈಪುಗಳನ್ನು ನೋಡಿ, ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ.

ವೈಡ್‌ಬ್ಯಾಂಡ್ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಒಂದು ಗಾಡಿಗೋಸ್ಕರ ಕೊಳ್ಳಬೇಡಿ, ಯಾರಿಂದಲಾದರೂ ಎರವಲು ತನ್ನಿ ಅಥವಾ ನಾಲ್ಕೈದು ಜನ ಸೇರಿ ಕೊಳ್ಳಿ. ಕಾರ್ಬುರೇಟರನ್ನೇ ಹೊಸದು ತಂದರೂ ಅದಕ್ಕಿಂತ ಅಗ್ಗ. ಕೊಳ್ಳುವುದಾದರೆ ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಇರುವ ಕಿಟ್ ನೋಡಿ. ಅದರೊಳಗೆ ಆಮ್ಲಜನಕವನ್ನು ಒಳಕ್ಕೂ ಹೊರಕ್ಕೂ ಪಂಪ್ ಮಾಡುವ ಇನ್ನೊಂದು ಕೋಶ ಇದೆ, ಎಷ್ಟು ಪಂಪ್ ಮಾಡಬೇಕಾಯಿತು ಎಂಬುದರಿಂದ ಗಡಿಯಿಂದ ದೂರವನ್ನೂ ಅಳೆಯುತ್ತದೆ. ಆದರೆ ಮಿಸ್ಸಿಂಗ್, ಲೀಕ್, ಹಿಂದಿನಿಂದ ಬರುವ ಗಾಳಿ ಅದನ್ನೂ ಅಷ್ಟೇ ಸಲೀಸಾಗಿ ಮೋಸಗೊಳಿಸುತ್ತವೆ, ಅದು ಎಷ್ಟು ದುಬಾರಿಯದಾದರೂ ಸರಿ. ಹೀಟರ್ ಕಾಯುವಾಗ ಎರಡು ಆಂಪಿಯರ್ ಮೀರಿ ಎಳೆಯುತ್ತದೆ, ಬುಲೆಟ್ಟಿನ ಬ್ಯಾಟರಿಗೆ ಅದು ಭಾರ. ಯುಪಿಎಸ್‌ನಲ್ಲಿ ಬರುವ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯನ್ನು ಕ್ಯಾರಿಯರಿಗೆ ಕಟ್ಟಿ ಅದರಿಂದ ಕೊಡಿ. ಪಾಯಿಂಟ್ ಇಗ್ನಿಷನ್ನಿನ ವಿದ್ಯುತ್ ಅಡಚಣೆ ಓದುವಿಕೆಯನ್ನು ಕುಣಿಸದಿರಲು ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿ.

ಕೂರಿಸುವ ಜಾಗವನ್ನೂ ಬದಲಿಸಿ. ಹೆಡ್‌ನಿಂದ ಒಂದೂವರೆ ಅಡಿಯಷ್ಟು ದೂರದಲ್ಲಿ, ಪೈಪಿನ ಮೇಲ್ಭಾಗದಲ್ಲಿ, ತುದಿ ಕೆಳಮುಖವಾಗಿ ವಾಲಿರಬೇಕು. ಅಡ್ಡವಾಗಿ ಅಥವಾ ಕೆಳಗಿನಿಂದ ಕೂರಿಸಿದರೆ ಬೆಳಿಗ್ಗೆ ಪೈಪಿನಲ್ಲಿ ಕೂಡುವ ನೀರು ತುದಿಗೆ ನಿಂತು, ಹೀಟರ್ ಕಾದಾಗ ಪಿಂಗಾಣಿ ಸೀಳುತ್ತದೆ. ಓಡಿಸುತ್ತಾ ಗೇಜು ನೋಡಬೇಡಿ. ರೆಕಾರ್ಡ್ ಆಗುವ ಕಿಟ್ ಇಲ್ಲದಿದ್ದರೆ ಹಿಂದೆ ಕೂತವರು ಓದಿ ಹೇಳಲಿ. ಪೂರ್ತಿ ಹಿಡಿಯ ಪರೀಕ್ಷೆಗೆ ಹೈವೇಯಲ್ಲಿ 90 ಓಡಿಸಬೇಕಿಲ್ಲ, ಖಾಲಿ ಇರುವ ನೇರ ಏರಿನಲ್ಲಿ ಮೂರನೇ ಗೇರ್ ಸಾಕು, ಕಡಿಮೆ ವೇಗದಲ್ಲೇ ಪೂರ್ತಿ ಭಾರ ಬೀಳುತ್ತದೆ. ಮೊದಲು ಮೇನ್ ಜೆಟ್, ಆಮೇಲೆ ನೀಡಲ್, ಕೊನೆಗೆ ಪೈಲಟ್ ಸ್ಕ್ರೂ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ.

ಎಲ್ಲ ಮುಗಿದ ಮೇಲೆ ಸೆನ್ಸರನ್ನು ಅಲ್ಲೇ ಬಿಡಬೇಡಿ. ಹೀಟರಿಗೆ ಕರೆಂಟ್ ಇಲ್ಲದೆ ಹೊಗೆಯಲ್ಲಿ ನಿಂತ ಸೆನ್ಸರ್ ಮಸಿ ಹಿಡಿದು ಕೆಲವೇ ದಿನಕ್ಕೆ ಹಾಳಾಗುತ್ತದೆ. ಬಿಚ್ಚಿ ತೆಗೆದು, 18 ಮಿ.ಮೀ.ನ 1.5 ಪಿಚ್ ಬೋಲ್ಟನ್ನು ತಾಮ್ರದ ವಾಷರ್ ಹಾಕಿ ಆ ನಟ್ಟಿಗೆ ಬಿಗಿ ಮಾಡಿ. ಬೋಲ್ಟಿನ ಥ್ರೆಡ್ಡಿಗೆ ಸ್ವಲ್ಪ ಆಂಟಿ ಸೀಜ್ ಪೇಸ್ಟ್ ಸವರಿದರೆ ಮುಂದಿನ ಸಲ ತೆಗೆಯುವಾಗ ಕಚ್ಚಿಕೊಳ್ಳುವುದಿಲ್ಲ.